ಮುಟ್ಟಿದ ಮ್ಯಾಲ ಎತ್ತಬೇಕು

ಮಣಿಕಟ್ಟಿನ ಆಪರೇಷನ್ ಆಗಿ ಐದು ತಿಂಗಳಾಗಿತ್ತು. ಸ್ಟೇಷನ್ ರೋಡಿನ ಜಿಮ್ಮಿನ್ಯಾಗ ಮೊದಲು ನೂರು ಕಿಲೋ ಎತ್ತತಿದ್ದ ನಾನು ಈಗ ಬರೇ ಖಾಲಿ ರಾಡ್ ಎತ್ತತಿದ್ದೆ.

ಅದ ವಾರ ಹನಿ ನೀರಾವರಿ ಪೈಪಿನ ಆರ್ಡರ್ ತಗೊಳ್ಳಾಕ ಬಬಲೇಶ್ವರದ ಕಡೆ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ಹಳೇ ತಾಲೀಮಿನ, ಅಂದ್ರ ಗರಡಿಮನಿ ಮುಂದ, ಪೈಲ್ವಾನರು ಎತ್ತೋ ಗುಂಡಕಲ್ಲು ಬಿದ್ದಿತ್ತು. ಜಿಮ್ಮಿನ್ಯಾಗ ರಾಡಿಗೆ ಮಾಡೋ ರೂಢಿಯಂಗ ಅದನ್ನ ಮುಟ್ಟಿ ಕೈ ಹಣಿಗೆ ಹಚ್ಚಿಕೊಂಡೆ.

ಕಟ್ಟಿ ಮ್ಯಾಲ ಕುಂತಿದ್ದ ನಾಕೈದು ಮಂದಿಯೊಳಗ ಒಬ್ಬ ಮುದುಕ ಎದ್ದು ಬಂದ. "ಮುಟ್ಟಿದ ಮ್ಯಾಲ ಎತ್ತಬೇಕು ತಮ್ಮಾ. ಇಲ್ಲಿ ಪದ್ಧತಿ ಐತಿ."

"ಕೈ ಆಪರೇಷನ್ ಆಗೇತ್ರಿ ಕಾಕಾ. ಒಳಗ ಪ್ಲೇಟ್ ಐತಿ," ಅಂತ ಹೊಲಿಗಿ ಗುರುತು ತೋರಿಸಿದೆ.

"ಮತ್ತ ಯಾಕ ಮುಟ್ಟಿದಿ?"

ಆತ ಧೋತರ ಮ್ಯಾಲಕ್ಕ ಕಟ್ಟಿದ. "ಎತ್ತದ ಬಿಟ್ಟು ಹೋಗಾಕ ಬರೂದಿಲ್ಲ. ಸರಿ, ನಿನ್ನ ಬದಲಿ ನಾ ಎತ್ತತೇನಿ."

"ಬ್ಯಾಡ್ರಿ" ಅಂದೆ. ಖರೇ ಹೇಳಬೇಕಂದ್ರ, ಜೋರಾಗಿ ಅನ್ನಲಿಲ್ಲ. ಯಾರರ ಎತ್ತಿದ್ರ ನಾ ಪಾರಾಗತಿದ್ದೆ.

ಕಲ್ಲು ಮೊಳಕಾಲಿನ ತನಕ ಬಂತು. ಆತನ ಸೊಂಟ ಚಟಕ್ ಅಂದದ್ದು ನನಗೂ ಕೇಳಿಸ್ತು. ಕಲ್ಲು ಬಿಟ್ಟು ಕುಸದು ಕುಂತ. ಮಾರಿ ಬೂದಿಯಂಗ ಆಗಿತ್ತು. ಎಬ್ಬಸಾಕ ನಾ ಬಲಗೈ ಚಾಚಿದೆ, ಆಪರೇಷನ್ ಆದ ಕೈನ. ಆತ ಆ ಹೊಲಿಗಿ ನೋಡಿ ಕೈ ಹಿಡೀಲಿಲ್ಲ. ಕಲ್ಲಿನ ಮ್ಯಾಲ ಎರಡೂ ಕೈ ಊರಿ, ನರಳಿಕೋತ ಎದ್ದ.

ಹಂಗಂದ್ರ ಕಲ್ಲು ಮತ್ತ ಮುಟ್ಟಿದಂಗ ಆತಲ್ಲ. ಪದ್ಧತಿ ನೆನಪು ಮಾಡಾಕ ಕಟ್ಟಿ ಮ್ಯಾಲಿನವರು ಯಾರೂ ಬಾಯಿ ತೆರೀಲಿಲ್ಲ. ನಾನಂತೂ ತೆರೀಲೇ ಇಲ್ಲ.