ವಿಯೆನ್ನಾದಲ್ಲಿ ಒದ್ದೆಯಾದ ನಾಲ್ಕು ಪಾಸ್‌ಪೋರ್ಟುಗಳು

ಆ ವರ್ಷಗಳಲ್ಲಿ ಫಹಾಹೀಲ್‌ನ ನಮ್ಮ ಮನೆಯಲ್ಲಿ ಎರಡು ವಸ್ತುಗಳು ಇರುತ್ತಿರಲಿಲ್ಲ: ಕೊಡೆ ಮತ್ತು ಪಾಸ್‌ಪೋರ್ಟು. ಕೊಡೆ ಇಲ್ಲದಿರಲು ಕಾರಣ ಕುವೈತಿನ ಹವೆ. ಪಾಸ್‌ಪೋರ್ಟು ಇಲ್ಲದಿರಲು ಕಾರಣ ಶುಐಬಾದಲ್ಲಿ ಅಪ್ಪ ದುಡಿಯುತ್ತಿದ್ದ ಕಂಪನಿ. ಅಪ್ಪನದು ಮಾತ್ರವಲ್ಲ, ಅಮ್ಮನದು, ನನ್ನದು, ತಮ್ಮ ನಿಖಿಲನದು ಕೂಡ ಆ ಕಂಪನಿಯ ಲಾಕರಿನಲ್ಲಿದ್ದವು. ಊರಿಗೆ ಹೋಗುವಾಗ ಬೇಡಿ ಪಡೆಯುವುದು, ಬಂದ ಮರುದಿನ ಒಪ್ಪಿಸುವುದು. ನಮ್ಮ ಕಟ್ಟಡದ ಹಿರಿಯರೆಲ್ಲ ಇದನ್ನೊಂದು ಮಡಿಯಂತೆ ಪಾಲಿಸುತ್ತಿದ್ದರು. ಇದು ಅನ್ಯಾಯವೆಂದು ಯಾರ ಬಾಯಿಂದಲೂ ನಾನು ಕೇಳಿರಲಿಲ್ಲ.

ನನಗೆ ಹನ್ನೊಂದು, ನಿಖಿಲನಿಗೆ ಏಳು ವರ್ಷವಾಗಿದ್ದಾಗ, ಒಂದು ಬೇಸಿಗೆಯಲ್ಲಿ, ಕಂಪನಿ ಅಪ್ಪನನ್ನು ಪಂಪುಗಳ ತರಬೇತಿಗೆಂದು ವಿಯೆನ್ನಾಕ್ಕೆ ಕಳುಹಿಸಿತು. ನಮ್ಮನ್ನೂ ಕರೆದೊಯ್ಯುತ್ತೇನೆಂದು ಅಪ್ಪ ಅರ್ಜಿ ಕೊಟ್ಟರು. ಕುಟುಂಬವಿಡೀ ಹೊರಡುತ್ತದೆ ಎಂದಾಗ ಕಂಪನಿಗೆ ಅನುಮಾನ ಹುಟ್ಟಿತು. ನಾವು ಮರಳುತ್ತೇವೆಂದು ಸಹೋದ್ಯೋಗಿಯೊಬ್ಬರು ಸಹಿ ಮಾಡಬೇಕು, ನಾವು ಬರುವ ತನಕ ಅವರ ಪಾಸ್‌ಪೋರ್ಟು ಲಾಕರಿನಿಂದ ಹೊರಬರದು ಎಂದಿತು. ಸಹಿ ಮಾಡಿದವರು ಮೇಲಿನ ಮಹಡಿಯ ಜೆರಾಲ್ಡ್ ಅಂಕಲ್. ನಾವು ಬಂದಿಳಿಯುವ ಮರುದಿನವೇ ಅವರು ತಂಗಿಯ ಮದುವೆಗೆ ಮಂಗಳೂರಿಗೆ ಹೊರಡಬೇಕಿತ್ತು.

"ಅಲ್ಲೇ ಉಳಿದ್ರೆ ನನ್ನ ತಂಗಿಯ ಶಾಪ ನಿಂಗೆ, ಗೊತ್ತುಂಟಲ್ಲ ಮಾರಾಯ" ಎಂದು ಅವರು ನಕ್ಕರು.

ಅಪ್ಪ ನಗಲಿಲ್ಲ. ಒಬ್ಬ ಮನುಷ್ಯನಿಗೆ ಇನ್ನೊಬ್ಬನನ್ನು ಒತ್ತೆಯಿಡುವ ಈ ಪದ್ಧತಿಗೆ ಯಾವ ಹೆಸರೆಂದು ಈಗ ನಾನು ಬಲ್ಲೆ. ಆಗ ಅದು ನಮಗೆ ಉಪಕಾರದಂತೆ ಕಂಡಿತ್ತು.

ತರಬೇತಿ ಮುಗಿದ ಮೇಲೆ ಊರು ನೋಡಲು ಉಳಿದದ್ದು ಒಂದೇ ದಿನ. ನನಗೆ ಬೇಕಾಗಿದ್ದುದೂ ಒಂದೇ: ವಿಯೆನ್ನಾದ ಆ ದೈತ್ಯ ರಾಟೆ. ಮನೆಯಷ್ಟು ದೊಡ್ಡ ಕೆಂಪು ಡಬ್ಬಿಗಳಲ್ಲಿ ಜನರನ್ನು ಆಕಾಶಕ್ಕೆ ಎತ್ತುವ ಅದರ ಚಿತ್ರವನ್ನು ತಿಂಗಳ ಹಿಂದೆಯೇ ಶಾಲೆಯ ಪುಸ್ತಕಕ್ಕೆ ಅಂಟಿಸಿಕೊಂಡಿದ್ದೆ.

ಬೆಳಗ್ಗೆಯೇ ಮಳೆ ಹಿಡಿಯಿತು. ಹೋಟೆಲಿನ ಕಪಾಟಿನಲ್ಲಿ ಪುಟ್ಟ ತಿಜೋರಿಯಿತ್ತು. "ಪಾಸ್‌ಪೋರ್ಟ್ ಅದ್ರಲ್ಲಿ ಇಟ್ಟು ಬನ್ನಿ" ಎಂದರು ಅಮ್ಮ.

"ಇಷ್ಟು ವರ್ಷ ಇನ್ನೊಬ್ಬರ ಲಾಕರಿನಲ್ಲಿ ಇತ್ತು. ಈಗ ಮತ್ತೊಂದಕ್ಕೆ ಹಾಕ್ಬೇಕಾ?" ಎಂದ ಅಪ್ಪ ನಾಲ್ಕನ್ನೂ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ತುರುಕಿ, ಮೇಲೆ ಕೈಯಿಟ್ಟುಕೊಂಡರು. ಆ ಕೈ ಮಧ್ಯಾಹ್ನದ ತನಕ ಅಲ್ಲಿಂದ ಇಳಿಯಲಿಲ್ಲ.

ಕೊಡೆಯಿಲ್ಲದ ನಾವು ಫಹಾಹೀಲ್‌ನ ಅಂಗಡಿಯ ಪ್ಲಾಸ್ಟಿಕ್ ಚೀಲಗಳನ್ನು ತಲೆಗೆ ಕಟ್ಟಿಕೊಂಡು ನಡೆದೆವು. ದೊಡ್ಡ ಇಗರ್ಜಿಯ ಮುಂದೆ ಸಾರೋಟು ಕುದುರೆಗಳ ಒದ್ದೆ ಲದ್ದಿಯ ವಾಸನೆ. ಇಗರ್ಜಿಯ ಗೋಪುರವನ್ನು ನೋಡುವ ಮೊದಲೇ ಅಪ್ಪ, "ಒಳಗೆ ಬನ್ನಿ, ಹನಿ ದೊಡ್ಡದಾಯ್ತು" ಎಂದರು. ಅರಮನೆಯನ್ನು ನೋಡಿದ್ದು ಬಸ್ ತಂಗುದಾಣದ ಗಾಜಿನಿಂದ. ಅಲ್ಲೇ ನಿಂತು, ಅಮ್ಮ ಬೆಳ್ಳಿ ಕಾಗದದಲ್ಲಿ ಸುತ್ತಿ ತಂದಿದ್ದ ಚಪಾತಿ, ಮಾವಿನ ಉಪ್ಪಿನಕಾಯಿ ತಿಂದೆವು. ಪಕ್ಕದ ಮುದುಕಿ ಮೂಗು ಹಿಂಡಿಕೊಂಡು ಅತ್ತ ಸರಿದಳು. ಅದೂ ಒಂದು ಅವಮಾನವೇ. ಆದರೆ ನನ್ನ ಸಿಟ್ಟೆಲ್ಲ ಅಪ್ಪನ ಆ ಕೈಯ ಮೇಲಿತ್ತು. ಟ್ರಾಮಿನ ಕಿಟಕಿಯಲ್ಲಿ ನಾನೂ ನಿಖಿಲನೂ ಒಂದೊಂದು ಮಳೆಹನಿಯನ್ನು ನಮ್ಮದೆಂದು ಆರಿಸಿ ಯಾವುದು ಮೊದಲು ಕೆಳಗಿಳಿಯುತ್ತದೆಂದು ಪಂದ್ಯ ಕಟ್ಟಿದೆವು. ಆ ದಿನ ಅಲ್ಲಿಯ ತನಕ ನನಗೆ ಸಿಕ್ಕ ಆಟ ಅಷ್ಟೇ.

ರಾಟೆಯ ಸಾಲಿನಲ್ಲಿ ಕೊನೆಗೂ ನಿಂತಾಗ ಮಧ್ಯಾಹ್ನ ಮೂರು. ಚಾವಣಿಯ ಕೆಳಗೆ ಸಾಲು ಇಂಚಿಂಚಾಗಿ ಸರಿಯುತ್ತಿತ್ತು. ಹೊರಗೆ ಮಳೆ ಸುರಿಯುತ್ತಿತ್ತು. ಕುವೈತಿನಲ್ಲಿ ಮಳೆಯೆಂದರೆ ವರ್ಷಕ್ಕೆ ಕೆಲವು ದಿನ ಧೂಳು ಬೆರೆತು ಬೀಳುವ ಹನಿ. ಇದು ಬೇರೆಯೇ ಆಗಿತ್ತು, ಹುಲ್ಲಿನ ವಾಸನೆಯಿದ್ದ ಮಳೆ. ನಾನು ನಿಖಿಲನ ಕೈ ಹಿಡಿದು ಚಾವಣಿಯಿಂದಾಚೆಗೆ ಓಡಿದೆ. ಇಬ್ಬರೂ ಹೊಂಡದ ನೀರಿನಲ್ಲಿ ಕುಣಿದೆವು.

"ಎಂತ ಮಾಡ್ತೀರಿ ಅಲ್ಲಿ? ಜ್ವರ ಬರ್ತದೆ, ಬನ್ನಿ ಒಳಗೆ" ಎಂದು ಅಪ್ಪ ಕೂಗಿದರು.

ನಾವು ಇನ್ನೂ ದೂರ ಓಡಿದೆವು. ಅಪ್ಪ ಬೆನ್ನಟ್ಟಿ ಬಂದರು. ಎರಡು ಕೈಗಳಲ್ಲಿ ಇಬ್ಬರನ್ನು ಹಿಡಿಯಬೇಕಾದರೆ ಜೇಬಿನ ಮೇಲಿನ ಕೈಯನ್ನು ತೆಗೆಯಲೇಬೇಕಿತ್ತು. ತೆಗೆದರು. ನಾನು ಕೊಸರಾಡುತ್ತ ಇಂಗ್ಲಿಷಿನಲ್ಲಿ ಕಿರುಚಿದೆ: "ವೈ ಆರ್ ಯು ಆಲ್ವೇಸ್ ಸೋ ಸ್ಕೇರ್ಡ್?"

ಅಪ್ಪ ನಮ್ಮಿಬ್ಬರನ್ನೂ ಎಳೆದುಕೊಂಡು ಚಾವಣಿಯಡಿಗೆ ಬಂದು ಕರವಸ್ತ್ರ ಬಿಚ್ಚಿದರು. ಅದರಿಂದ ನೀರು ತೊಟ್ಟಿಕ್ಕಿತು. ಕುವೈತಿನಲ್ಲಿ ವಾಸಿಸಲು ಅನುಮತಿ ಕೊಡುವ ಇಕಾಮಾ ಆಗ ಪಾಸ್‌ಪೋರ್ಟಿನ ಪುಟದಲ್ಲೇ ಇರುತ್ತಿತ್ತು. ಅಪ್ಪನ ಪುಟದಲ್ಲಿ ಅದರ ನೇರಳೆ ಮುದ್ರೆ ಹರಡಿ ಮೋಡದಂತಾಗಿತ್ತು.

"ಓದ್ಲಿಕ್ಕೆ ಆಗದಿದ್ರೆ ಒಳಗೆ ಬಿಡುದಿಲ್ಲ" ಎಂದರು ಅಮ್ಮನಿಗೆ, ಮೆಲ್ಲಗೆ. "ಜೆರಾಲ್ಡ್‌ನ ತಂಗಿ ಮದುವೆ..."

ಸಾಲು ಬಿಟ್ಟು ಹೊರಟೆವು. ಪಕ್ಕದ ರೈಲು ನಿಲ್ದಾಣದ ಶೌಚಾಲಯದಲ್ಲಿ ಕೈ ಒಣಗಿಸುವ ಯಂತ್ರವಿತ್ತು. ಗಂಡಸರದು ಕೆಟ್ಟಿತ್ತು. ಆದ್ದರಿಂದ ಅಮ್ಮ ಮತ್ತು ನಾನು ಹೆಂಗಸರ ಕಡೆಗೆ ಹೋದೆವು. ಅಪ್ಪ ಬಾಗಿಲ ಹೊರಗೆ ನಿಂತರು. ಗುಂಡಿ ಒತ್ತಿದಾಗ ಬಿಸಿಗಾಳಿ, ಮರುಕ್ಷಣ ಸ್ತಬ್ಧ, ಮತ್ತೆ ಒತ್ತು. ಅಮ್ಮ ಒಂದೊಂದೇ ಪುಟ ತಿರುವುತ್ತ, ನಡುನಡುವೆ ಕಾಗದದ ಕರವಸ್ತ್ರ ತೂರಿಸುತ್ತ, "ಹಪ್ಪಳ ಒಣಗಿಸಿದ ಹಾಗಾಯ್ತು" ಎಂದರು. ಹೊರಗಿನಿಂದ ಅಪ್ಪನ ಧ್ವನಿ: "ಇಕಾಮಾ ಪುಟ ಹೇಗುಂಟು? ಹತ್ತಿರ ಹಿಡಿಬೇಡಿ, ಅಂಟು ಬಿಡ್ತದೆ."

ನನ್ನ ಪಾಸ್‌ಪೋರ್ಟನ್ನು ನಾನು ಮೊದಲ ಬಾರಿಗೆ ಬಿಡಿಸಿ ಓದಿದ್ದು ಅಲ್ಲಿ. ಕೊನೆಯ ಪುಟಗಳಲ್ಲಿ, ಈ ಪುಸ್ತಕ ಭಾರತ ಸರ್ಕಾರದ ಸೊತ್ತು ಎಂಬ ಅರ್ಥದ ಸಾಲಿತ್ತು. ಓಡಿಹೋಗಿ ಅಪ್ಪನಿಗೆ ತೋರಿಸಿದೆ.

"ಅಪ್ಪ, ಇದು ಕಂಪನಿಯದ್ದಲ್ಲ. ಇಲ್ಲಿ ಬರೆದಿದೆ. ಮತ್ತೆ ಅವರು ಯಾಕೆ ಇಟ್ಕೊಳ್ಳೋದು?"

ಅಪ್ಪ ಆ ಸಾಲನ್ನು ನೋಡಲಿಲ್ಲ. "ಓದಿದ್ದು ಸಾಕು. ಒಣಗ್ಸು ಹೋಗು."

ಎರಡು ಗಂಟೆ ಕಳೆಯಿತು. ಪುಟಗಳು ಒಣಗಿ ಸೊಟ್ಟಗಾದವು. ಮುದ್ರೆ ಮಾತ್ರ ಹರಡಿದ ಹಾಗೆಯೇ ಉಳಿಯಿತು. ಹೋಟೆಲಿಗೆ ಹೋಗಿ ಅವುಗಳನ್ನು ಭಾರದ ಕೆಳಗಿಡಬೇಕೆಂದು ಅಪ್ಪ ಅವಸರಿಸಿದರು. ಟ್ರಾಮಿನ ಹಿಂದಿನ ಗಾಜಿನಿಂದ ರಾಟೆ ಸಣ್ಣದಾಗುತ್ತ ಹೋಯಿತು. ನಿಖಿಲ ಅತ್ತ. ನಾನು ಅಳದೆ ಅಪ್ಪನನ್ನು ದ್ವೇಷಿಸಿದೆ.

ಮರುದಿನ ರಾತ್ರಿ ಕುವೈತ್ ವಿಮಾನ ನಿಲ್ದಾಣದ ಅಧಿಕಾರಿ ಆ ಪುಟವನ್ನು ಒಮ್ಮೆ ನೋಡಿದ, ಎದುರಿನ ಕಂಪ್ಯೂಟರನ್ನು ಒಮ್ಮೆ ನೋಡಿದ, ಮುದ್ರೆ ಒತ್ತಿ, ಹೊರಡಿ ಎಂಬಂತೆ "ಯಲ್ಲಾ" ಎಂದ. ಅಷ್ಟೇ. ಮರುದಿನ ಬೆಳಗ್ಗೆ ಕಚೇರಿ ತೆರೆಯುವ ಮೊದಲೇ ಅಪ್ಪ ಬಾಗಿಲಲ್ಲಿದ್ದರು. ನಾಲ್ಕು ಪಾಸ್‌ಪೋರ್ಟುಗಳು ಒಳಗೆ ಹೋದವು, ಜೆರಾಲ್ಡ್ ಅಂಕಲ್‌ನದು ಹೊರಗೆ ಬಂತು.

ಈಗ ನಾನು ವಲಸೆ ಕಾರ್ಮಿಕರ ಹಕ್ಕುಗಳಿಗಾಗಿ ಕೆಲಸ ಮಾಡುತ್ತೇನೆ. ಪಾಸ್‌ಪೋರ್ಟನ್ನು ಹಿಡಿದಿಟ್ಟುಕೊಳ್ಳುವುದು ತಪ್ಪು, ಒತ್ತೆಯ ಸಹಿ ತಪ್ಪು, ಅದನ್ನು ಪದ್ಧತಿಯೆಂದು ಒಪ್ಪಿಕೊಂಡ ನಮ್ಮೆಲ್ಲರ ಮೌನವೂ ತಪ್ಪು ಎಂದು ಸಭೆಗಳಲ್ಲಿ ಹೇಳುತ್ತೇನೆ. ತಪ್ಪುಗಳನ್ನು ಹೆಸರಿಸುವವಳು ತನ್ನದನ್ನು ಬಿಡಬಾರದು. ಹೆದರಲು ಸಕಲ ಕಾರಣಗಳಿದ್ದವನನ್ನು ಹೆದರುಪುಕ್ಕಲನೆಂದು, ಅದೂ ಸಾಲಿನಲ್ಲಿ ನಿಂತ ಅಪರಿಚಿತರೆದುರು, ಹಂಗಿಸಿದವಳು ನಾನು.

ಆ ಪ್ರವಾಸದ ಪ್ರತಿ ಫೋಟೋದಲ್ಲೂ ಅಪ್ಪ ಎದೆಯ ಮೇಲೆ ಕೈಯಿಟ್ಟು ನಿಂತಿದ್ದಾರೆ. ನೋಡಿದ ಸಂಬಂಧಿಕರು ಹೃದಯದ ತೊಂದರೆಯಾ ಎಂದು ಕೇಳಿದ್ದುಂಟು. ಅಪ್ಪನ ಹಿಂದೆ ಇಗರ್ಜಿಯಿದೆ, ಅರಮನೆಯಿದೆ. ಅವೊಂದನ್ನೂ ಅವರು ನೋಡಲಿಲ್ಲ. ವರ್ಷಾನುವರ್ಷ ದುಡಿದವನಿಗೆ ಯೂರೋಪಿನಲ್ಲಿ ಸಿಕ್ಕ ಒಂದು ದಿನವನ್ನು ಮಳೆ ತಿನ್ನಲಿಲ್ಲ, ಶುಐಬಾದ ಒಂದು ಲಾಕರು ತಿಂದಿತು.

ಕೆಲಸ ಬಿಟ್ಟು ಉಡುಪಿಗೆ ಬಂದ ಮೇಲೆ ಅಪ್ಪ ಹೊಸ ಪಾಸ್‌ಪೋರ್ಟು ಮಾಡಿಸಿಕೊಂಡರು. ಅದೀಗ ಅವರದೇ ಕಪಾಟಿನಲ್ಲಿದೆ. ಕಳೆದ ವರ್ಷ ನಾನು, "ವಿಯೆನ್ನಾಕ್ಕೆ ಹೋಗುವ, ರಾಟೆ ಬಾಕಿ ಉಂಟಲ್ಲ" ಎಂದೆ. ಅಪ್ಪನ ಬಲಗೈ ಖಾಲಿ ಜೇಬಿನ ಮೇಲೆ ಹೋಗಿ ಕೂತಿತು.

"ಅಲ್ಲಿ ಈಗ ಮಳೆಯಾ?" ಎಂದು ಕೇಳಿದರು.