ಹಲಸಿನ ಸೊಪ್ಪು ಇಳಿಸಿ ಎಂದವರಿಗೆ

ಹಂಪಾಪುರದ ಕುರಿಗಳು ಉಳಿದದ್ದು ಮೈಲುತುತ್ತದ ನೀರಿನಿಂದ ಎಂದು ನಮ್ಮ ಇಲಾಖೆಯವರೆಲ್ಲ ಹೇಳುತ್ತಾರೆ. ಆ ನೀರು ಕುಡಿಸಿದವನು ನಾನೇ. ಅದಕ್ಕೇ ಹೇಳುತ್ತೇನೆ, ಅದು ಅರ್ಧ ಮಾತು.

ಮೂವತ್ತರ ದಶಕದ ಕೊನೆಯ ಒಂದು ಮಳೆಗಾಲ. ಮಹಾರಾಜರ ಸರ್ಕಾರದ ಪಶುವೈದ್ಯನಾಗಿ ಹೆಗ್ಗಡದೇವನಕೋಟೆಗೆ ಹೊಸದಾಗಿ ಬಂದಿದ್ದೆ. ಹಂಪಾಪುರದ ಕೆಂಚಮ್ಮನ ಕುರಿಗಳು ಒಂದೊಂದಾಗಿ ಸಾಯುತ್ತಿದ್ದವು. ಗಂಡ ತೀರಿಹೋದ ಮೇಲೆ ಆ ಹಿಂಡೊಂದೇ ಅವಳಿಗೆ ಆಧಾರ. ಉಳಿದ ಕುರಿಗಳಿಗೆ ಗದ್ದದ ಕೆಳಗೆ ನೀರೂತ, ಕಣ್ಣಿನ ಒಳರೆಪ್ಪೆ ಸುಣ್ಣದಂತೆ ಬಿಳಿ. ಹೊಟ್ಟೆಯ ಹುಳು ರಕ್ತ ಹೀರಿದ ಲಕ್ಷಣ. ಮೈಲುತುತ್ತ ಕುಡಿಸಿದೆ. ಹುಳು ಬಿದ್ದವು, ಕುರಿ ಏಳಲಿಲ್ಲ. ಏಳುವುದಾದರೂ ಹೇಗೆ? ಕಾಯಿಲೆಯ ಕುರಿಗೆ ಹಸಿರು ಮುಟ್ಟಿಸಬಾರದೆಂದು ಕೆಂಚಮ್ಮ ಬರೀ ರಾಗಿಹುಲ್ಲು ಹಾಕುತ್ತಿದ್ದಳು.

“ಹಿತ್ತಿಲಲ್ಲಿ ಹಲಸಿನ ಮರ ಇದೆಯಲ್ಲಮ್ಮ, ಸೊಪ್ಪು ಬಾಡಿಸಿ ತೂಗುಹಾಕು” ಎಂದೆ.

“ಚೆನ್ನಾಗೇಳ್ತೀರ ಸ್ವಾಮಿ! ಅಸ್ರು ಆಕುದ್ರೆ ಸಾಯಕಿಲ್ವಾ?”

“ಹಾಕದೆ ಇದ್ದಾಗ ಬದುಕಿದವೇನಮ್ಮ?”

ಕೆಂಚಮ್ಮ ದುರುಗುಟ್ಟಿದಳು. “ನಾಲ್ಗೆ ಚೆನ್ನಾಗದೆ ಬುಡಿ. ಸತ್ ಕುರೀನೂ ಇದೇ ನಾಲ್ಗೇಲಿ ಎಬ್ಸಿಬುಡಿ ಮತ್ತೆ” ಎನ್ನುತ್ತಲೇ ಕುಡುಗೋಲು ಹಿಡಿದು ಹೊರಟಳು.

ಸೊಪ್ಪು ಪವಾಡವನ್ನೇನೂ ಮಾಡಲಿಲ್ಲ. ಕೆಲವು ಕುರಿಗಳು ಆಮೇಲೂ ಸತ್ತವು. ಉಳಿದವು ಮೊದಲು ಕತ್ತೆತ್ತಿ ಎಲೆ ಎಳೆದುಕೊಂಡವು, ಆಮೇಲೆ ನಡುಗುವ ಕಾಲಿನಲ್ಲೇ ಎದ್ದು ನಿಂತವು.

ಅಷ್ಟರಲ್ಲಿ ಮೈಸೂರಿನಿಂದ ನಮ್ಮ ಮೇಲಧಿಕಾರಿಯೊಬ್ಬರು ತನಿಖೆಗೆ ಬಂದರು. ದೊಡ್ಡಿಯ ತುಂಬ ತೂಗುತ್ತಿದ್ದ ಸೊಪ್ಪು ನೋಡಿ, “ಇದು ಚಿಕಿತ್ಸೆಯೋ ಮದುವೆ ಚಪ್ಪರವೋ? ಇಳಿಸಯ್ಯ, ಔಷಧಿ ಸಾಕು” ಎಂದರು.

ಕೆಂಚಮ್ಮ ಅಡ್ಡ ನಿಂತಳು. “ಈಗ್ ತಾನೆ ಎದ್ದವೆ ಬುದ್ದಿ, ಬಾಯಿಂದ ಕಿತ್ಕಬ್ಯಾಡಿ.”

“ಲಿಖಿತ ಆಜ್ಞೆ ಕೊಡಿ, ಇಳಿಸುತ್ತೇನೆ” ಎಂದೆ. “ಸೊಪ್ಪು ನಿಲ್ಲಿಸಿದ ಮೇಲೆ ಕುರಿ ಸತ್ತರೆ ಹೊಣೆ ತಮ್ಮದೆಂದು ಒಂದು ಸಾಲು ಸೇರಿಸಿ, ಸಾರ್.”

“ಇದು ನಿನ್ನ ಕಾಲೇಜಿನ ಚರ್ಚಾಸ್ಪರ್ಧೆ ಅಲ್ಲ ಕಣಯ್ಯ!”

ಅವರ ಜೇಬಿನಿಂದ ಪೆನ್ನು ಹೊರಬಂತು, ಬರಹ ಬರಲಿಲ್ಲ. ಅವರು ಮೋಟಾರು ಹತ್ತಿದರು. ಸೊಪ್ಪು ಇಳಿಯಲಿಲ್ಲ, ಹಿಂಡು ಉಳಿಯಿತು. ಅವರ ವರದಿಯಲ್ಲಿ ಮಾತ್ರ ‘ಔಷಧಿಯಿಂದಲೇ ಗುಣ’ ಎಂದಾಯಿತು. ನನಗೆ ಅವಿಧೇಯತೆಗಾಗಿ ಎಚ್ಚರಿಕೆ ಬಂತು.

ಹುಳು ಸಾಯುವುದು ಬೇರೆ, ಕುರಿ ಬದುಕುವುದು ಬೇರೆ. ಮೊದಲನೆಯದಕ್ಕೆ ಔಷಧಿ ಬೇಕು, ಎರಡನೆಯದಕ್ಕೆ ಹೊಟ್ಟೆಗೆ ಮೇವು ಬೇಕು. ಈ ನೌಕರಿ ನನಗೆ ಕಲಿಸಿದ್ದು ಇಷ್ಟು. ಇದನ್ನು ಯಾವ ಎಚ್ಚರಿಕೆಗೂ ಹೆದರಿ ನಾನು ಹಿಂತೆಗೆದುಕೊಳ್ಳುವುದಿಲ್ಲ.

ಎಚ್ಚರಿಕೆಯ ಕಾಗದ ಹಿಡಿದು ಮೈಸೂರಿಗೆ ಹೋಗಿ, ಆ ಮೇಲಧಿಕಾರಿಯ ಮೇಜಿನ ಮುಂದೆಯೇ ನಿಂತು ಕೇಳಿದೆ:

“ಸೊಪ್ಪು ವ್ಯರ್ಥವೆಂದು ಅಷ್ಟು ಖಚಿತವಾಗಿದ್ದರೆ, ಆ ಒಂದು ಸಾಲು ಯಾಕೆ ಬರೆಯಲಿಲ್ಲ, ಸಾರ್?”