ಹೊಡೆದು ಹಾಕಿದ ಒಂಬತ್ತು

ಕೊಣ್ಣೂರಿನ ಆಮ್ರಪಾಲಿ ಗೋಕಾಕದ ನಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವಳು. ನಾನು ಅಲ್ಲಿಯ ವಾರ್ಡನ್. ಹತ್ತನೇ ಇಯತ್ತೆ ಪಾಸಾದರೆ ಮಾತ್ರ ಕೆಲಸ ಕಾಯಂ ಎಂದು ಆಡಳಿತ ಮಂಡಳಿ ಕಾಗದ ಕೊಟ್ಟಾಗ ಅವಳಿಗೆ ಮೂವತ್ತೆಂಟು ವರ್ಷ. ರೊಟ್ಟಿ ಬಡಿಯುವುದಕ್ಕೆ ಬೀಜಗಣಿತ ಯಾಕೆ ಬೇಕು ಎಂದು ನನಗೇ ಸಿಟ್ಟು ಬಂದಿತ್ತು. ಅವಳು ಮಾತ್ರ ಪರೀಕ್ಷೆಗೆ ಕೂತಳು. ಉಳಿದ ವಿಷಯಗಳೆಲ್ಲ ಒಂದೇ ಏಟಿಗೆ ಮುಗಿದವು. ಗಣಿತ ಎರಡು ಸಲ ಕೈಕೊಟ್ಟಿತು, ಎರಡನೇ ಸಲ ಎರಡೇ ಅಂಕಕ್ಕೆ.

ಕಲಿಸುತ್ತಿದ್ದವಳು ನಾನೇ. ಸಂಖ್ಯೆ ಆ ಕಡೆಗೆ ಹೋದರೆ ಚಿಹ್ನೆ ಬದಲಾಗುತ್ತದೆ ಎಂದು ನನಗೆ ಹೇಳಿಕೊಟ್ಟಿದ್ದನ್ನೇ ಅವಳಿಗೂ ಹೇಳಿಕೊಟ್ಟಿದ್ದೆ. ಅವಳು ಹಾಗೇ ಮಾಡುತ್ತಿದ್ದಳು. ಆಮೇಲೆ ಗೈಡಿನ ಕೊನೆಯ ಪುಟ ತಿರುವಿ, ಅಲ್ಲಿಯ ಉತ್ತರಕ್ಕೆ ತಾಳೆಯಾಗದಿದ್ದರೆ ತನ್ನದನ್ನು ಹೊಡೆದು ಹಾಕುತ್ತಿದ್ದಳು. ಪರೀಕ್ಷೆಯಲ್ಲಿ ಗೈಡ್ ಇರುವುದಿಲ್ಲವಲ್ಲ, ಅಲ್ಲಿ ಯಾವುದನ್ನು ನಂಬಬೇಕೋ ತಿಳಿಯದೆ ಬರೆದು ಬರೆದು ಹೊಡೆಯುತ್ತಿದ್ದಳು.

ಮೂರನೇ ಸಲದ ಅರ್ಜಿಗೆ ಕೊನೆಯ ದಿನ ಬಂತು; ಅರ್ಜಿಯ ಹಾಳೆ ನಾನೇ ತಂದು ಇಟ್ಟುಕೊಂಡಿದ್ದೆ. ಮಧ್ಯಾಹ್ನದ ಊಟ ಬಡಿಸಿಯಾದ ಮೇಲೆ ಅವಳು ಬಂದು, ಇನ್ನು ಪರೀಕ್ಷೆ ಕಟ್ಟುವುದಿಲ್ಲ, ತನ್ನ ತಲೆಗೆ ಹತ್ತುವುದಿಲ್ಲ ಎಂದಳು. ಸಾಕ್ಷಿಗೆ ನೋಟುಬುಕ್ಕು ತೆರೆದಳು. ನಾಲ್ಕು ಎಕ್ಸಿನಲ್ಲಿ ಆರು ಕಳೆದರೆ ಮೂವತ್ತು, ಎಕ್ಸ್ ಎಷ್ಟು? ಅವಳಿಗೆ ಮೂರು ಸಲವೂ ಒಂಬತ್ತು ಬಂದಿತ್ತು, ಮೂರು ಸಲವೂ ಹೊಡೆದಿದ್ದಳು. ಗೈಡಿನಲ್ಲಿ ಆರು ಎಂದಿತ್ತು. ನಾನು ಲೆಕ್ಕ ಮಾಡದೆಯೇ, ಅಚ್ಚಾದ ಪುಸ್ತಕ ತಪ್ಪಿರಲಿಕ್ಕಿಲ್ಲ, ನೀನೇ ಎಲ್ಲೋ ಚಿಹ್ನೆ ಬಿಟ್ಟಿದ್ದೀ ಎಂದೆ.

ಎರಡು ವರ್ಷದಲ್ಲಿ ಮೊದಲ ಸಲ ಅವಳು ನನ್ನನ್ನು ಪ್ರಶ್ನೆ ಕೇಳಿದಳು.

"ಅಕ್ಕೋರ, ಲೆಕ್ಕಾ ಬಿಡಿಸೂದು ಅಂದ್ರ ಖರೇನ ಏನ್ರಿ?"

ಎಕ್ಸಿನ ಜಾಗದಲ್ಲಿ ಯಾವ ಸಂಖ್ಯೆ ಇಟ್ಟರೆ ಎರಡೂ ಕಡೆ ಸಮನಾಗುತ್ತದೋ ಅದನ್ನು ಹುಡುಕುವುದು ಎಂದೆ. ಇಷ್ಟು ಸಾದಾ ಮಾತನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ.

"ಹಂಗಾದ್ರ ಇಟ್ಟ ನೋಡಬಹುದಲ್ರಿ. ಸಾರಿಗೆ ಉಪ್ಪ ಹಾಕಿ ರುಚಿ ನೋಡಿದಂಗ."

ನೋಡಿದಳು. ಆರು ಇಟ್ಟರೆ ಹದಿನೆಂಟು ಬಂತು. ಒಂಬತ್ತು ಇಟ್ಟಳು: ಮೂವತ್ತಾರು, ಅದರಲ್ಲಿ ಆರು ಹೋದರೆ ಮೂವತ್ತು. ನಾನೂ ಬೇರೆ ಹಾಳೆಯಲ್ಲಿ ಮಾಡಿದೆ. ತಪ್ಪು ಗೈಡಿನದೇ. ನನಗೆ ನಾಚಿಕೆಯಾಯಿತು.

ಆಮ್ರಪಾಲಿ ಹಿಗ್ಗಲಿಲ್ಲ. ತನ್ನ ಚೀಲದಿಂದ ಹೋದ ಸಲದ ಪ್ರಶ್ನೆಪತ್ರಿಕೆ ತೆಗೆದಳು. ಅಂಚಿನಲ್ಲಿ ಒಂದು ಉತ್ತರ ಬರೆದು ಗೀಟು ಎಳೆದಿದ್ದಳು; ಉತ್ತರಪತ್ರಿಕೆಯಲ್ಲೂ ಹಾಗೇ ಹೊಡೆದು ಬಂದಿದ್ದಳು. ಈಗ ಅದನ್ನು ಎಕ್ಸಿನ ಜಾಗದಲ್ಲಿ ಇಟ್ಟು ನೋಡಿದಳು. ಎರಡೂ ಕಡೆ ಸಮ. ಅದು ಎರಡು ಅಂಕದ ಪ್ರಶ್ನೆ.

ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅರ್ಜಿ ಕೊಡ್ರಿ ಅಕ್ಕೋರ. ಹೋದ ಸಲಾನ ನಾ ಪಾಸ್ ಆಗಿದ್ನಿರಿ. ನನ್ನ ನಾನ ಫೇಲ್ ಮಾಡ್ಕೊಂಡೀನಿ."

ಫೇಲ್ ಮಾಡಿದ್ದು ನಾನು ಎಂದು ಹೇಳಬೇಕಿತ್ತು. ಹೇಳದೆ ಅರ್ಜಿ ಕೊಟ್ಟೆ.